ಎರಡು ಮೊಳ ಬಲಕ್ಕೆ

೧೯೮೩ನೆಯ ಇಸವಿಯ ಜುಲೈ ತಿಂಗಳಲ್ಲಿ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸಮಸ್ತ ಕಾಡುಹಂದಿಗಳ ನಿವಾರಣೆಗಾಗಿ ಒಂದು ಬಂದೂಕು ಮಂಜೂರಾಯಿತು. ಬಂದೂಕಿನ ಮೇಲೆ ಕೂಡಿಸಲು ಒಂದು ದುರ್ಬೀನೂ ಜೊತೆಗಿತ್ತು. ಹಂದಿಗಳು ಎಷ್ಟಿವೆಯೆಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲವಾದ್ದರಿಂದ, ಒಂದು ಬಂದೂಕು ಸಾಲುವುದಿಲ್ಲವೆಂದು ಹೇಳಲು ಯಾರಿಗೂ ಆಧಾರವಿರಲಿಲ್ಲ.

ಬಂದೂಕನ್ನು ನೋಡಿಕೊಳ್ಳಲು ನಾಲ್ಕು ತಾಲೂಕುಗಳ ಬೆಳೆ ಸಂರಕ್ಷಣಾ ಜಂಟಿ ಸಮಿತಿಯೆಂಬುದು ಹಾನಗಲ್ಲಿನಲ್ಲಿ, ಒಂದು ಬೀಜದ ಗೋದಾಮಿನ ಹಿಂದಿನ ಕೋಣೆಯಲ್ಲಿ ಸ್ಥಾಪನೆಯಾಯಿತು. ಅದರ ಕಾರ್ಯದರ್ಶಿ ಕರಬಸಪ್ಪನವರು ನ್ಯಾಯವಂತರು. ಒಂದು ತಾಲೂಕಿಗೆ ಕೊಟ್ಟು ಉಳಿದ ಮೂರಕ್ಕೆ ಅನ್ಯಾಯ ಮಾಡಬಾರದೆಂದು ಅವರು ಬಂದೂಕನ್ನು ಹಾನಗಲ್ಲಿನಲ್ಲಿಟ್ಟು, ದುರ್ಬೀನನ್ನು ಸವಣೂರಿಗೆ, ಕಾಡತೂಸುಗಳನ್ನು ಶಿಗ್ಗಾಂವಿಗೆ, ಬಂದೂಕಿನ ಚರ್ಮದ ಚೀಲವನ್ನು ಹಿರೇಕೆರೂರಿಗೆ ಕಳಿಸಿಕೊಟ್ಟರು. ಎರಡು ತಿಂಗಳು ನಾಲ್ಕೂ ತಾಲೂಕುಗಳಿಗೆ ಸಮನಾದ ತೃಪ್ತಿಯಿತ್ತು. ಹಂದಿಗಳಿಂದಲೂ ಯಾವ ತಕರಾರು ಬರಲಿಲ್ಲ.

ಆದರೆ ನಿಯಮಾವಳಿಯ ಏಳನೆಯ ಕಲಮು ಹೀಗಿತ್ತು: "ದುರ್ಬೀನು ತೋರಿಸಿದ ಜಾಗದಲ್ಲಿಯೇ ಗುಂಡು ಬೀಳುತ್ತದೆಂಬುದನ್ನು ತಜ್ಞರೊಬ್ಬರು ಹೊಡೆದು ನೋಡಿ ಪ್ರಮಾಣಪತ್ರ ನೀಡತಕ್ಕದ್ದು. ತಜ್ಞರ ಹೊಲಕ್ಕೆ ಮೊದಲ ಪಾಳಿ ಇರತಕ್ಕದ್ದು." ತಜ್ಞರನ್ನು ಹುಡುಕುವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಕ್ಕಿಆಲೂರಿನ ಹತ್ತಿರದ ಹಳ್ಳಿಯಲ್ಲಿ ಮಿಲ್ಟ್ರಿ ಗುತ್ತೆಪ್ಪ ಇದ್ದ.

ಗುತ್ತೆಪ್ಪ ಹದಿನೈದು ವರ್ಷ ಸೈನ್ಯದಲ್ಲಿದ್ದು ಬಂದವನು. ಆ ಹದಿನೈದೂ ವರ್ಷ ಅವನು ರೇಶನ್ ಉಗ್ರಾಣದಲ್ಲಿ ಬೇಳೆ ಮತ್ತು ಬಟಾಟೆ ತೂಗಿದ್ದ. ಯುದ್ಧ ನಡೆದಾಗ ಹೆಚ್ಚು ತೂಗಿದ್ದ. ಇದನ್ನು ಅವನು ಊರಲ್ಲಿ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. "ಎಷ್ಟು ಮಂದೀನ ಹೊಡದ್ರಿ?" ಎಂದು ಕೇಳಿದವರಿಗೆ ಅವನು ಮೀಸೆಯ ತುದಿ ಮುಟ್ಟಿ, "ಅದನ್ನೆಲ್ಲಾ ಹೇಳೂದಲ್ಲಪಾ" ಎನ್ನುತ್ತಿದ್ದ. ಹೇಳುವಂಥದ್ದು ಏನೂ ಇರಲಿಲ್ಲವಾದ್ದರಿಂದ ಆ ಮಾತೂ ಸುಳ್ಳಲ್ಲ. ಬಂದೂಕು ಹಿಡಿದದ್ದು ತರಬೇತಿಯಲ್ಲಿ ಒಮ್ಮೆ. ಆಗ ಹೊಡೆದ ಹತ್ತು ಗುಂಡಿನಲ್ಲಿ ಏಳು ಪಕ್ಕದವನ ಗುರಿಗೆ ಬಿದ್ದು, ಪಕ್ಕದವನಿಗೆ ಬಹುಮಾನ ಬಂದಿತ್ತು.

ಸಮಿತಿಯ ಪತ್ರವನ್ನು ಪೋಸ್ಟಮನ್ನನು ಚಹಾದಂಗಡಿಯ ಮುಂದೆ ನಿಂತು ದೊಡ್ಡ ದನಿಯಲ್ಲಿ ಓದಿದ್ದರಿಂದ, ಅದು ಗುತ್ತೆಪ್ಪನ ಕೈಗೆ ಬರುವ ಮೊದಲೇ ಊರಿಗೆ ಮುಟ್ಟಿತ್ತು. ಮನೆಯಲ್ಲಿ ಹೆಂಡತಿ ಮಂಜವ್ವ ಪತ್ರವನ್ನು ತಿರುವಿ ನೋಡಿದಳು. ಅವಳಿಗೆ ನಿಜ ಗೊತ್ತಿತ್ತು. ಬೇಳೆ ನೋಡಿದರೆ ಸಾಕು, ಗಂಡ ತೂಕ ಹೇಳುತ್ತಿದ್ದ.

"ಸಾಹೇಬ್ರಿಗೆ ಹೇಳಿಬಿಡ್ರಿ, ನಾ ತಕ್ಕಡಿ ಹಿಡಿಯಾಂವ ಇದ್ದೆ ಅಂತ."

"ಹೇಳಬೇಕಂತನ ಮಾಡೇನಿ."

"ಹೇಳೂಮುಂದ ಮೀಸಿ ಮ್ಯಾಲೆ ಕೈ ಇಡಬ್ಯಾಡ್ರಿ. ಯಾರೂ ನಂಬೂದಿಲ್ಲ." ಪತ್ರವನ್ನು ಮಡಚುತ್ತ ಅವಳೇ ಅಂದಳು, "ಆದ್ರ ನಿನ್ನೆ ಮತ್ತೆ ಎರಡು ಸಾಲು ಶೇಂಗಾ ಕಿತ್ತು ತಿಂದು ಹೋಗ್ಯಾವ್ರಿ. ಮೊದಲ ಪಾಳಿ ನಮ್ಮ ಹೊಲಕ್ಕ ಅಂತ ಬರದಾರ."

ಗುತ್ತೆಪ್ಪ ನಿಜ ಹೇಳಿಬಿಡುವ ಗಟ್ಟಿ ಮನಸ್ಸಿನಿಂದಲೇ ಹಾನಗಲ್ಲಿಗೆ ಹೋದ. ಆದರೆ ಅವನು ಬಾಗಿಲಲ್ಲಿ ಕಾಣಿಸುತ್ತಲೇ ಕರಬಸಪ್ಪನವರು ಕುರ್ಚಿಯಿಂದ ಎದ್ದು ನಿಂತರು. ಹದಿನೈದು ವರ್ಷದಲ್ಲಿ ಯಾವ ಸಾಹೇಬನೂ ಅವನಿಗಾಗಿ ಎದ್ದಿರಲಿಲ್ಲ. ಎದ್ದವನು ಯಾವಾಗಲೂ ಅವನೇ. "ಬರ್ರಿ, ಬರ್ರಿ, ಕುಂಡ್ರಿ" ಎಂದು ಅವರು ತಮ್ಮ ಕುರ್ಚಿಯನ್ನೇ ಸರಿಸಿದಾಗ ಬಾಯಿಗೆ ಬಂದ ತಕ್ಕಡಿ ಅಲ್ಲಿಯೇ ನಿಂತುಬಿಟ್ಟಿತು. ಚಹಾ ಬಂತು. ಗುತ್ತೆಪ್ಪ ಚಹಾ ಕುಡಿದ. ಕೈ ತಾನಾಗಿಯೇ ಮೀಸೆಗೆ ಹೋಯಿತು.

ಪರೀಕ್ಷೆಗೆ ಅಕ್ಕಿಆಲೂರಿನ ಆಚೆ, ಗುಡ್ಡದ ಬುಡದಲ್ಲಿರುವ ಒಂದು ಮಾಳವನ್ನು ಆರಿಸಲಾಯಿತು. ಗೊತ್ತುಪಡಿಸಿದ ದಿನ ಬಂದೂಕಿನ ಅಂಗಾಂಗಗಳು ನಾಲ್ಕು ದಿಕ್ಕಿನಿಂದ ಬಸ್ಸಿನಲ್ಲಿ ಬಂದವು. ದುರ್ಬೀನನ್ನು ಸವಣೂರಿನ ಮುನಾಫ ಟಾವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದ; ಕಂಡಕ್ಟರನು ಅದಕ್ಕೆ ಅರ್ಧ ಟಿಕೀಟು ಹರಿದಿದ್ದ. ಮುನಾಫ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗಾಜು ಹಾಕಿಕೊಳ್ಳುವವನು ತಾಲೂಕಿನಲ್ಲಿ ಅವನೊಬ್ಬನೇ ಆದ್ದರಿಂದ ಸಮಿತಿಯು ಅವನನ್ನು ದುರ್ಬೀನು ಪಾಲಕನೆಂದು ನೇಮಿಸಿತ್ತು.

ನೂರು ಹೆಜ್ಜೆ ದೂರದಲ್ಲಿ ಒಂದು ಹಲಗೆ ನಿಲ್ಲಿಸಿ, ಅದರ ಮೇಲೆ ಕರಿ ಚುಕ್ಕೆ ಬರೆಯಲಾಗಿತ್ತು. ಗುತ್ತೆಪ್ಪ ಬಂದೂಕಿಗೆ ಕೈ ಹಾಕುವಷ್ಟರಲ್ಲಿ ಕರಬಸಪ್ಪನವರು ನಿಯಮಾವಳಿ ತೆರೆದರು.

"ತಡೀರಿ. ಹನ್ನೊಂದನೇ ಕಲಮಿನ ಪ್ರಕಾರ ಈ ಬಂದೂಕದಿಂದ ಬೆಳೆ ನಾಶ ಮಾಡೂ ಹಂದಿಗೆ ಮಾತ್ರ ಹೊಡೀಬೇಕು. ಚುಕ್ಕಿ ಬೆಳೆ ನಾಶ ಮಾಡತೈತೇನು?"

ಯಾರೂ ಮಾಡುತ್ತದೆಂದು ಹೇಳಲಿಲ್ಲ. ಕೂಡಲೇ ಅಕ್ಕಿಆಲೂರಿನಿಂದ ಪೇಂಟರ್ ಬೀರಪ್ಪನನ್ನು ಕರೆಸಲಾಯಿತು. ಅವನು ಅಕ್ಕಿಗಿರಣಿಗಳ ಬೋರ್ಡು ಬರೆಯುವವನು. ಆ ದಿನ ಅವನ ಬಳಿ ಉಳಿದಿದ್ದುದು ಹಸಿರು ಬಣ್ಣ ಮಾತ್ರ. ಅವನು ಅದರಲ್ಲಿಯೇ ಆಳೆತ್ತರದ ಒಂದು ಹಂದಿಯನ್ನು ಬರೆದು, ಹಲಗೆಯನ್ನು ಅದರ ಆಕಾರಕ್ಕೆ ಕೊರೆದು, ಬಾಲವನ್ನು ಚೆಂದವಾಗಿ ಎತ್ತಿ ನಿಲ್ಲಿಸಿದ. ಅಭ್ಯಾಸಬಲದಿಂದ ಕೆಳಗೆ 'ಪ್ರೊಪ್ರೈಟರ್' ಎಂದು ಬರೆದು ಅಳಿಸಿದ.

"ಹಂದಿ ಹಸರು ಇರತೈತೇನು ಬೀರಪ್ಪಾ?" ಎಂದು ಮುನಾಫ ಕೇಳಿದ.

ಕರಬಸಪ್ಪನವರು ಹಂದಿಯನ್ನು ಸುತ್ತಿ ನೋಡಿ, "ಇರಲಿ. ಬೆಳಿ ತಿಂದೈತಿ ಅನ್ನೂದಕ್ಕ ಇದ ಪುರಾವೆ" ಎಂದು ಪಂಚನಾಮೆಯಲ್ಲಿ ಬರೆಸಿದರು.

ಪರೀಕ್ಷೆಗೆಂದು ಐದು ಕಾಡತೂಸುಗಳ ರಿಯಾಯತಿ ಇತ್ತು. ಗುತ್ತೆಪ್ಪ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಬಾಗಿಲ ಕಿಂಡಿಯಲ್ಲಿ ಇಣುಕುವವನಂತೆ ದುರ್ಬೀನಿಗೆ ಕಣ್ಣು ಅಂಟಿಸಿದ. "ಕಾಕಾ, ಕಣ್ಣು ಅಷ್ಟು ಸನೇಕ ಒಯ್ಯಬ್ಯಾಡ್ರಿ" ಎಂದು ಮುನಾಫ ಹೇಳಿದ್ದು ಕೇಳಿಸುವುದರೊಳಗೆ ಗುಂಡು ಹಾರಿತ್ತು. ಬಂದೂಕು ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಅವನ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ಗುಂಡು ಎಲ್ಲಿ ಹೋಯಿತೆಂಬುದು ಈವರೆಗೆ ತಿಳಿದಿಲ್ಲ. ರಕ್ತ ಇಳಿಯುವುದನ್ನು ಕಂಡು ನೆರೆದ ಮಂದಿ ಟೊಪ್ಪಿಗೆ ತೆಗೆದರು. ಯುದ್ಧದ ಹಳೆಯ ಗಾಯ ಬಿಚ್ಚಿತೆಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು.

ಗುತ್ತೆಪ್ಪನಿಗೆ ಎದ್ದು ಮನೆಗೆ ಹೋಗಿಬಿಡಬೇಕೆನಿಸಿತು. ಮುನಾಫ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹುಬ್ಬಿಗೆ ಟಾವೆಲು ಕಟ್ಟಿ, ಬಂದೂಕಿನ ಕೆಳಗೆ ಉಸುಕಿನ ಚೀಲ ಸರಿಸಿದ.

"ಕಾಕಾ, ಗಡಿಯಾರದಾಗ ಕೂದಲಿನಂಥಾ ಸ್ಪ್ರಿಂಗಿನ ಕಮಾನ ಇರತೈತಿ. ಅದನ್ನ ಕೂಡಸೂಮುಂದ ನಾ ಉಸಿರ ಹಿಡೀತೇನಿ. ಹಂಗ ಹಿಡೀರಿ. ಅವಸರ ಮಾಡಬ್ಯಾಡ್ರಿ. ಗುಂಡು ಯಾವಾಗ ಹಾರತೈತಿ ಅನ್ನೂದು ನಿಮಗೂ ಗೊತ್ತಾಗಬಾರದು."

ದುರ್ಬೀನಿನೊಳಗೆ ಒಂದರ ಮೇಲೊಂದು ಹಾಯ್ದ ಎರಡು ಎಳೆಗೆರೆಗಳಿದ್ದವು. ಅವು ಕೂಡುವ ಜಾಗದಲ್ಲಿ ಗುತ್ತೆಪ್ಪ ಹಸಿರು ಹಂದಿಯ ಹೆಗಲನ್ನು ಇಟ್ಟ. ಉಸಿರು ಹಿಡಿದ. ತಕ್ಕಡಿಯ ಮುಳ್ಳು ನಡುವೆ ಬಂದು ನಿಲ್ಲುವುದನ್ನು ಕಾಯುವವನಂತೆ ಕಾದ. ಗುಂಡು ಹಾರಿತು. ಹಂದಿಗೆ ಏನೂ ಆಗಲಿಲ್ಲ. ಅದರ ಬಲಕ್ಕಿದ್ದ ಜಾಲಿಮರದ ತೊಗಟೆ ಹಾರಿತು. ಮೂರನೆಯ ಗುಂಡಿಗೂ ಜಾಲಿಯೇ. ನಾಲ್ಕನೆಯದಕ್ಕೂ ಜಾಲಿಯೇ.

ಮುನಾಫ ಮತ್ತು ಗುತ್ತೆಪ್ಪ ನಡೆದು ಹೋಗಿ ಮರ ನೋಡಿದರು. ಮೂರೂ ತೂತುಗಳನ್ನು ಒಂದು ಅಂಗೈಯಿಂದ ಮುಚ್ಚಬಹುದಿತ್ತು. ಮುನಾಫ ತನ್ನ ಅಂಗೈಯಿಟ್ಟು ಮುಚ್ಚಿ ತೋರಿಸಿದ.

"ಕಾಕಾ, ನಿಮ್ಮ ಕೈ ಭಾಳ ಚೊಲೋ ಐತ್ರಿ. ತಪ್ಪು ದುರ್ಬೀನಿಂದು. ಎರಡು ಮೊಳ ಬಲಕ್ಕ ಒಯ್ಯಾಕತ್ತೈತಿ. ಮಗ್ಗಲದಾಗ ಈ ಸ್ಕ್ರೂ ಐತಲ್ಲಾ, ತಿರುವಿದ್ರ ಮುಗೀತು."

ಗುತ್ತೆಪ್ಪ ಅಲ್ಲಿಯೇ ನಿಂತ. ಇಷ್ಟು ವರ್ಷ ಅವನು ಗುರಿಕಾರನಲ್ಲವೆಂಬುದು ಅವನಿಗೆ ಮತ್ತು ಮಂಜವ್ವನಿಗೆ ಮಾತ್ರ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಈಗ ಅವನು ಗುರಿಕಾರನೆಂಬುದು ಗೊತ್ತಾಗಿತ್ತು, ಅದೂ ಒಬ್ಬ ಗಡಿಯಾರದವನಿಗೆ ಮತ್ತು ಒಂದು ಜಾಲಿಮರಕ್ಕೆ. ಅಳು ಬಂದಂತಾಗಿ ಅವನು ಹುಬ್ಬಿನ ಟಾವೆಲು ಸರಿಪಡಿಸಿಕೊಂಡ.

ಮುನಾಫ ಅಂಗಿಯ ಕಿಸೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದದ್ದನ್ನು ಕಂಡು ಕರಬಸಪ್ಪನವರು ಓಡಿ ಬಂದರು. ಸ್ಕ್ರೂಗಳ ಮೇಲೆ ಅರಗಿನ ಮೊಹರು ಇತ್ತು.

"ಹದಿನಾಲ್ಕನೇ ಕಲಮು! ಮೊಹರು ಒಡಿಯಾಕ ಮೇಲಿನ ಕಚೇರಿ ಪರವಾನಿಗಿ ಬೇಕು."

"ಸಾಹೇಬ್ರ, ಎರಡು ನಿಮಿಷದ ಕೆಲಸ ಐತ್ರಿ."

"ಹೌದು. ಎರಡು ನಿಮಿಷದ ಕೆಲಸ ಅಂತನ ಅರ್ಜಿಯೊಳಗ ಬರೀ. ವರ್ಷದಾಗ ಪರವಾನಿಗಿ ಬರತೈತಿ."

"ಅಲ್ಲಿತನಕ?"

ಅಲ್ಲಿಯವರೆಗೆ ಏನು ಮಾಡಬೇಕೆಂಬುದನ್ನು ಸಮಿತಿಯ ಸದಸ್ಯರು ಮಾಳದ ಮೇಲೆಯೇ ಸಭೆ ಸೇರಿ ತೀರ್ಮಾನಿಸಿದರು. ಬಂದೂಕು ಸರಕಾರದ್ದು, ದುರ್ಬೀನು ಸರಕಾರದ್ದು, ಕಾಡತೂಸು ಸರಕಾರದ್ದು. ಹಂದಿ ಮಾತ್ರ ಸ್ಥಳೀಯ. ಆದ್ದರಿಂದ ಬದಲಾಗಬೇಕಾದದ್ದು ಹಂದಿಯೇ. ಹಲಗೆ ನಿಂತಿದ್ದ ಜಾಗದಲ್ಲಿ ಸುಣ್ಣ ಬಳಿದ ಒಂದು ಕಲ್ಲು ಇಟ್ಟು, ಹಲಗೆಯನ್ನು ಕಿತ್ತು ಎರಡು ಮೊಳ ಬಲಕ್ಕೆ ನಿಲ್ಲಿಸಲಾಯಿತು. ಗುತ್ತೆಪ್ಪ ಕಲ್ಲಿಗೆ ಗುರಿಯಿಟ್ಟ. ಐದನೆಯ ಗುಂಡು ಹಸಿರು ಹಂದಿಯ ಹೆಗಲಿನ ನಟ್ಟನಡುವೆ ತೂತು ಮಾಡಿ ಹೊರಬಿತ್ತು. ಸೇರಿದ ಮಂದಿ ಅವನನ್ನು ಎತ್ತಿಕೊಂಡು ಕುಣಿದರು.

ಪ್ರಮಾಣಪತ್ರ ಅಲ್ಲಿಯೇ ಸಿದ್ಧವಾಯಿತು: "ಬಂದೂಕು, ದುರ್ಬೀನು ಹಾಗೂ ಗುಂಡು ಮೂರೂ ಸುಸ್ಥಿತಿಯಲ್ಲಿರುತ್ತವೆ. ಹಂದಿಯು ಆರಂಭದಲ್ಲಿ ತಪ್ಪು ಸ್ಥಳದಲ್ಲಿ ನಿಂತಿದ್ದು, ನಂತರ ಸರಿಪಡಿಸಲಾಗಿದೆ."

ಗುತ್ತೆಪ್ಪ ಪೆನ್ನು ಹಿಡಿದು, "ಸಾಹೇಬ್ರ, ಹೊಲಕ್ಕ ಬರೂ ಹಂದೀನ ಸರಸಾಕ ಆಗೂದಿಲ್ಲಲ್ರಿ" ಎಂದ.

"ನಿಮಗ ಅನುಮಾನ ಇದ್ರ ಹೇಳ್ರಿ. ಸೈನ್ಯದಿಂದ ನಿಮ್ಮ ದಾಖಲೆ ತರಿಸಿ, ತಜ್ಞರ ಅನುಭವ ಏನೈತಿ ಅಂತ ಪರಾಮರ್ಶಿ ಮಾಡೂಣು" ಎಂದು ಕರಬಸಪ್ಪನವರು ಬಹಳ ಗೌರವದಿಂದ ಹೇಳಿದರು. ಗುತ್ತೆಪ್ಪನ ಕಣ್ಣ ಮುಂದೆ ಬಟಾಟೆಯ ಚೀಲಗಳು ಸಾಲಾಗಿ ಹಾದುಹೋದವು. ಅವನು ಸಹಿ ಮಾಡಿದ.

ಮೊದಲ ಪಾಳಿ ಮಂಜವ್ವನ ಶೇಂಗಾ ಹೊಲಕ್ಕೆ ಬಂತು. ಸಂಜೆಯ ಹೊತ್ತು ಒಂದು ದೊಡ್ಡ ಹಂದಿ ಸಾಲಿನೊಳಗೆ ಮೂತಿ ಹಾಕಿ ನಿಂತಿತು. ಜೀವಂತ ಹಂದಿಯಾದರೆ ಎಳೆಗೆರೆಗಳು ಕೂಡುವಲ್ಲಿ ಅದೇ ಇರತಕ್ಕದ್ದೆಂದು ನಿಯಮವಿದ್ದುದರಿಂದ, ಮತ್ತು ಅದನ್ನು ಖಾತ್ರಿಪಡಿಸಲು ಕರಬಸಪ್ಪನವರು ಬೆನ್ನ ಹಿಂದೆಯೇ ಕೂತಿದ್ದುದರಿಂದ, ಗುತ್ತೆಪ್ಪ ಹಂದಿಗೇ ಗುರಿಯಿಟ್ಟು ಹೊಡೆದ. ಎರಡು ಮೊಳ ಬಲಕ್ಕೆ ಮಣ್ಣು ಹಾರಿತು. ಹಂದಿ ಹೋಯಿತು.

ಈಗ ಕರಬಸಪ್ಪನವರ ಮುಖ ಬಿಳಿಚಿತು. ಇಪ್ಪತ್ತೆರಡನೆಯ ಕಲಮಿನ ಪ್ರಕಾರ, ಹಾರಿಸಿದ ಪ್ರತಿಯೊಂದು ಕಾಡತೂಸಿಗೆ ಒಂದು ಹಂದಿಯ ಬಾಲವನ್ನು ಮೇಲಿನ ಕಚೇರಿಗೆ ಕಳಿಸತಕ್ಕದ್ದು. ಬಾಲ ಹೋಗದಿದ್ದರೆ ಬಂದೂಕು ಬೇರೆ ಜಿಲ್ಲೆಗೆ ಹೋಗುತ್ತದೆ. ಬಂದೂಕು ಹೋದರೆ ಸಮಿತಿ ಹೋಗುತ್ತದೆ. ಸಮಿತಿ ಹೋದರೆ ಕಾರ್ಯದರ್ಶಿಗೆ ಬೀಜದ ಗೋದಾಮಿನ ಹಿಂದಿನ ಕೋಣೆಯೂ ಇಲ್ಲ. ಅವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಬೀರಪ್ಪನನ್ನು ಗರಗಸದೊಂದಿಗೆ ಬರಹೇಳಿದರು. ಹಲಗೆಯ ಹಂದಿಗೆ ಗುಂಡು ಬಿದ್ದದ್ದು ನಿಜವೇ ಆಗಿತ್ತು. ಅದರ ಬಾಲವನ್ನು ಕತ್ತರಿಸಿ, ಬಟ್ಟೆಯಲ್ಲಿ ಹೊಲಿದು, ರಜಿಸ್ಟರ್ ಟಪಾಲಿನಲ್ಲಿ ಕಳಿಸಲಾಯಿತು.

ಮೇಲಿನ ಕಚೇರಿಯಿಂದ ವಿಚಾರಣೆ ಬಂತು: "ಬಾಲವು ಹಸಿರಾಗಿರಲು ಕಾರಣವೇನು?"

"ಈ ಭಾಗದ ಹಂದಿಗಳು ವಿಪರೀತ ಬೆಳೆ ತಿನ್ನುತ್ತವೆ" ಎಂದು ಉತ್ತರ ಹೋಯಿತು.

ಎರಡು ತಿಂಗಳ ಬಳಿಕ ಸುತ್ತೋಲೆ ಹೊರಟಿತು. ಹಿಂದೆ ಬೇರೆ ಕಡೆಗಳಿಂದ ಬಂದ ಬಾಲಗಳು ಕೊಳೆತು ಕಚೇರಿಯಲ್ಲಿ ನಾತ ಹಬ್ಬಿಸಿದ್ದವೆಂದೂ, ಸದರಿ ಬಾಲವು ಒಣಗಿದ್ದು, ಸ್ವಚ್ಛವಾಗಿದ್ದು, ಫೈಲಿನಲ್ಲಿ ಪೋಣಿಸಲು ಅನುಕೂಲವಾಗಿದೆಯೆಂದೂ, ಇನ್ನು ಮುಂದೆ ಇದೇ ನಮೂನೆಯ, ಅರ್ಧ ಇಂಚು ದಪ್ಪದ ಹಸಿರು ಬಾಲಗಳನ್ನು ಮಾತ್ರ ಸ್ವೀಕರಿಸಲಾಗುವುದೆಂದೂ ಅದರಲ್ಲಿ ಇತ್ತು.

ಅಲ್ಲಿಂದ ಕೆಲಸ ಸುಸೂತ್ರವಾಯಿತು. ಬೀರಪ್ಪ ಬೋರ್ಡು ಬರೆಯುವುದನ್ನು ಬಿಟ್ಟು ಹಂದಿಗಳನ್ನೇ ಬರೆಯತೊಡಗಿದ. ಹುಲಗೂರಿನಲ್ಲಿ ಒಂದು, ಹಿರೇಕೆರೂರಿನ ಕಡೆ ಎರಡು ಹಂದಿಗಳನ್ನು ಸುಣ್ಣದ ಕಲ್ಲಿನಿಂದ ಎರಡು ಮೊಳ ಅಳೆದು ನಿಲ್ಲಿಸಿ ಹೊಡೆಯಲಾಯಿತು. ಗುತ್ತೆಪ್ಪನ ಗುರಿ ಒಮ್ಮೆಯೂ ತಪ್ಪಲಿಲ್ಲ. ಹೋದಲ್ಲೆಲ್ಲ ಮಾಲೆ ಹಾಕಿದರು. ಬೆಳೆ ಕಳೆದುಕೊಂಡವರೂ ಹಾಕಿದರು. ಹಂದಿ ಸಾಯುವುದನ್ನು ಅವರೇ ಕಣ್ಣಾರೆ ನೋಡಿದ್ದರು.

ಮಾಲೆ ಹೆಚ್ಚಾದಷ್ಟೂ ಗುತ್ತೆಪ್ಪನಿಗೆ ಊಟ ಸೇರದಾಯಿತು. ಮರುವರ್ಷದ ಆಗಸ್ಟಿನಲ್ಲಿ ಶಿಗ್ಗಾಂವಿಯಲ್ಲಿ ಅವನಿಗೆ ಸನ್ಮಾನ ಏರ್ಪಟ್ಟಿತು. ಅದೇ ವಾರ ಮೊಹರು ಒಡೆಯಲು ಪರವಾನಿಗೆಯೂ ಬಂದಿತ್ತು. ಮುನಾಫ ಹೊಸ ಅಂಗಿ ತೊಟ್ಟು, ಸ್ಕ್ರೂಡ್ರೈವರ್ ಒರೆಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತ. ಕರಬಸಪ್ಪನವರು ಪರವಾನಿಗೆಯನ್ನು ಸಭೆಯ ಮುಂದಿಟ್ಟರು. ದುರ್ಬೀನು ಸರಿಯಿದೆಯೆಂದು ತಜ್ಞರ ಪ್ರಮಾಣಪತ್ರವಿರುವಾಗ ಅದನ್ನು ಸರಿಪಡಿಸಿದರೆ ಕೆಟ್ಟುಹೋದೀತೆಂದು ಸದಸ್ಯರು ಆತಂಕ ವ್ಯಕ್ತಪಡಿಸಿದರು. ಪರವಾನಿಗೆಯನ್ನು ವಂದನೆಗಳೊಂದಿಗೆ ಹಿಂದಿರುಗಿಸಲು ಠರಾವು ಪಾಸಾಯಿತು.

ಮುನಾಫ ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿಕೊಂಡದ್ದನ್ನು ಗುತ್ತೆಪ್ಪ ವೇದಿಕೆಯ ಮೇಲಿಂದ ನೋಡಿದ. ಎದ್ದು ನಿಂತ. ಮೀಸೆಯ ಹತ್ತಿರ ಹೋಗದಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಹಿರಿಯರ, ಒಂದು ಮಾತು ಕೇಳ್ರಿ. ನಾ ಲಡಾಯಿ ಮಾಡಿದಾಂವಲ್ಲ. ಹದಿನೈದು ವರ್ಷ ಬ್ಯಾಳಿ, ಬಟಾಟಿ ತೂಗೇನಿ. ಈ ದುರ್ಬೀನ ಎರಡು ಮೊಳ ಸುಳ್ಳು ಹೇಳತೈತಿ. ನಾ ಸಹಿ ಮಾಡಿದ್ದು ತಪ್ಪು. ಇಷ್ಟು ದಿನ ಹೊಡದದ್ದು ಹಂದಿ ಅಲ್ರಿ, ಹಲಗಿ. ಖರೇ ಹಂದಿ ಒಂದೂ ಸತ್ತಿಲ್ಲ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ನೋಡ್ರಿ, ದೊಡ್ಡ ಮನಷ್ಯಾ ಹೆಂಗ ಮಾತಾಡತಾನ" ಎಂದು ಕರಬಸಪ್ಪನವರು ಕಣ್ಣೊರೆಸಿಕೊಂಡರು. ಬೇಳೆ, ಬಟಾಟೆ ಎಂಬುವು ಸೈನ್ಯದ ಗುಪ್ತ ಸಂಕೇತಗಳಿರಬಹುದೆಂದು ಹುಲಗೂರಿನ ಹಿರಿಯರೊಬ್ಬರು ಪಕ್ಕದವರಿಗೆ ವಿವರಿಸಿದರು. ನಡಾವಳಿಯಲ್ಲಿ ಹೀಗೆ ದಾಖಲಾಯಿತು: "ಶ್ರೀ ಗುತ್ತೆಪ್ಪನವರು ತಮ್ಮ ವಿನಯದ ಬಗ್ಗೆ ಸುದೀರ್ಘವಾಗಿ ಮಾತನಾಡಿದರು. ಅವರನ್ನು ಇನ್ನೂ ಐದು ವರ್ಷಗಳ ಅವಧಿಗೆ ತಜ್ಞರನ್ನಾಗಿ ಮುಂದುವರಿಸಲಾಯಿತು."

ಹೊರಗೆ ಮುನಾಫ ಬೀಡಿ ಹಚ್ಚಿ, "ಹೋಗ್ಲಿ ಬಿಡ್ರಿ ಕಾಕಾ. ನೀವು ಹೇಳಿದ್ದು ನಾ ಕೇಳೇನಿ" ಎಂದ. ಅದೂ ನಡಾವಳಿಯಲ್ಲಿ ಬರಲಿಲ್ಲ.

ಸೆಪ್ಟೆಂಬರಿನ ಒಂದು ನಸುಕಿನಲ್ಲಿ ಮಂಜವ್ವ ಗಂಡನನ್ನು ಅಲುಗಿಸಿ ಎಬ್ಬಿಸಿದಳು. "ಏಳ್ರಿ, ಬಂದಾವು." ಆ ದಿನ ಹತ್ತಿಮತ್ತೂರಿನಲ್ಲಿ ಹಂದಿ ಹೊಡೆಯುವ ಕಾರ್ಯಕ್ರಮವಿತ್ತು, ಹಾಗಾಗಿ ದುರ್ಬೀನು ಕೂಡಿಸಿದ ಬಂದೂಕು ಮತ್ತು ಒಂದು ಕಾಡತೂಸು ಹಿಂದಿನ ರಾತ್ರಿಯಿಂದ ಮನೆಯಲ್ಲಿಯೇ ಇದ್ದವು. ಗುತ್ತೆಪ್ಪ ಅವನ್ನು ತೆಗೆದುಕೊಂಡು ಹೊಲಕ್ಕೆ ಓಡಿದ. ಬೆಳಕು ಹರಿಯುತ್ತಿತ್ತು. ಶೇಂಗಾದ ಸಾಲುಗಳಲ್ಲಿ ಏಳು ಹಂದಿಗಳಿದ್ದವು. ಹಿಂದೆ ಸಾಹೇಬರು ಯಾರೂ ಇರಲಿಲ್ಲ.

ಅವನು ಬದುವಿನ ಮೇಲೆ ಬಂದೂಕಿಟ್ಟು ಮಲಗಿದ. ಎಲ್ಲಕ್ಕಿಂತ ದೊಡ್ಡದನ್ನು ದುರ್ಬೀನಿನಲ್ಲಿ ಹಿಡಿದ. ಅದರ ಒದ್ದೆ ಮೂತಿಗೆ ಅಂಟಿದ ಮಣ್ಣು ಕಾಣುತ್ತಿತ್ತು. ನಿಧಾನವಾಗಿ ಗೆರೆಗಳನ್ನು ಎರಡು ಮೊಳ ಎಡಕ್ಕೆ ಸರಿಸಿದ. ಅಲ್ಲಿ ಒಂದು ಶೇಂಗಾ ಗಿಡ ಬಿಟ್ಟರೆ ಏನೂ ಇರಲಿಲ್ಲ. ಉಸಿರು ಹಿಡಿದ. ಈ ಗುಂಡು ಹಂದಿಯ ಹೆಗಲಿಗೇ ಬೀಳುತ್ತದೆಂದು ಅವನಿಗೆ ಜನ್ಮದಲ್ಲಿ ಮೊದಲ ಸಲ ಪೂರ್ತಿ ಖಾತ್ರಿಯಿತ್ತು. ಬೆರಳು ಅರ್ಧ ಮಡಚಿತು.

ಅಷ್ಟರಲ್ಲಿ ಹಂದಿ ತಿರುಗಿ ನಿಂತಿತು. ಅದರ ಬಾಲ ಕಂಡಿತು. ಅದು ಕಪ್ಪಗಿತ್ತು. ಕೂದಲಿತ್ತು. ಯಾವ ಕಡೆಯಿಂದ ಅಳೆದರೂ ಅರ್ಧ ಇಂಚು ದಪ್ಪದ ಹಲಗೆಯಾಗಿರಲಿಲ್ಲ. ಈ ಬಾಲವನ್ನು ಕಳಿಸಿದರೆ ಮೇಲಿನ ಕಚೇರಿ ಹಿಂದಕ್ಕೆ ಕಳಿಸುತ್ತದೆ, ಕಾಡತೂಸು ದುರುಪಯೋಗವಾಯಿತೆನ್ನುತ್ತದೆ. ಹತ್ತಿಮತ್ತೂರಿನಲ್ಲಿ ಈ ಒಂದೇ ಕಾಡತೂಸಿಗಾಗಿ ಶಾಲೆಯ ಹುಡುಗಿಯರು ಸ್ವಾಗತದ ಹಾಡು ಕಲಿತು ನಿಂತಿದ್ದಾರೆ. ಗುತ್ತೆಪ್ಪ ಬೆರಳು ತೆಗೆದ.

"ಯಾಕ್ರಿ?" ಎಂದಳು ಮಂಜವ್ವ.

"ಇದರ ಬಾಲ ನಡಿಯೂದಿಲ್ಲ."

ಮಂಜವ್ವ ಹಂದಿಯ ಬಾಲವನ್ನು ನೋಡಿದಳು, ಗಂಡನ ಮುಖ ನೋಡಿದಳು. ಅವಳಿಗೂ ಈಗ ಕಲಮುಗಳು ಬಾಯಿಪಾಠವಾಗಿದ್ದವು. ಹೆಗಲ ಮೇಲಿನ ಕಂಬಳಿ ತೆಗೆದು ಅವನ ಕೈಗೆ ಕೊಟ್ಟಳು.

"ಹಂಗಾರ ಬಂದೂಕದ ಮ್ಯಾಲೆ ಇದನ್ನ ಹೊಚ್ಚ್ರಿ. ಇಬ್ಬನಿ ಬೀಳಾಕತ್ತೈತಿ, ಸರಕಾರದ ಮಾಲು" ಎಂದು, ಬದುವಿನಲ್ಲಿ ಬಿದ್ದಿದ್ದ ಖಾಲಿ ಎಣ್ಣೆ ಡಬ್ಬಿಯನ್ನೂ ಒಂದು ಕೋಲನ್ನೂ ಅವನ ಮುಂದಿಟ್ಟಳು.

ಗುತ್ತೆಪ್ಪ ಬಂದೂಕಿಗೆ ಕಂಬಳಿ ಹೊಚ್ಚಿ, ಎದ್ದು ನಿಂತು ಡಬ್ಬಿ ಬಡಿದ. ಮಂಜವ್ವ ಹೋ ಎಂದು ಕೂಗಿದಳು. ಹಂದಿಗಳು ತಲೆಯೆತ್ತಿ, ಸ್ವಲ್ಪ ವಿಚಾರ ಮಾಡಿ, ಅವಸರವಿಲ್ಲದೆ ಒಂದರ ಹಿಂದೊಂದು ಬದು ದಾಟಿ ಪಕ್ಕದವರ ಹೊಲಕ್ಕೆ ಹೋದವು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದಲೂ ಡಬ್ಬಿ ಬಡಿಯುವ ಸಪ್ಪಳ ಕೇಳತೊಡಗಿತು.